ಕಾಳು ಚೆಲ್ಲಿದರೆ ಸಾಲದು

ಹಕ್ಕಿಗಳನ್ನು ಕರೆಯಲು ಬೆಂಗಳೂರಿನ ಅನೇಕರು ಮಹಡಿಯ ಮೇಲೆ ಕಾಳು ಚೆಲ್ಲುತ್ತಾರೆ. ಬರುವುದು ಮಾತ್ರ ಪಾರಿವಾಳಗಳ ದಂಡು. ಪಾರಿವಾಳ ತಾನು ಕಾಳು ತಿಂದು, ಗಂಟಲ ಚೀಲದಲ್ಲಿ ಸ್ರವಿಸುವ ಹಾಲಿನಂಥ ದ್ರವದಿಂದ ಎಳೆಮರಿಗಳನ್ನು ಸಾಕಬಲ್ಲದು. ಕಾಳು ತಿನ್ನುವ ಗುಬ್ಬಚ್ಚಿಗಾದರೋ ಮರಿಗಳಿಗೆ ಉಣಿಸಲು ಹುಳುಗಳೇ ಬೇಕು. ಕೀಟನಾಶಕ ಸಿಂಪಡಿಸಿದ ಕೈತೋಟದಲ್ಲಿ ಅವು ಎಲ್ಲಿಂದ ಬರಬೇಕು? ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಚೆಲ್ಲಿದ ಕಾಳು ಬಹುಪಾಲು ಪಾರಿವಾಳಕ್ಕೇ ಸಲ್ಲುವ ಸಹಾಯಧನ.

ಬದಲಿಗೆ ದಾಸವಾಳ ನೆಟ್ಟರೆ ಮಕರಂದಕ್ಕೆ ಸೂರಕ್ಕಿ ಬಂದೀತು. ಗಸಗಸೆ ಹಣ್ಣಿನ ಮರಕ್ಕೆ ಪಿಕಳಾರ ಬಂದೀತು. ಅಗಲ ಎಲೆಯ ಗಿಡವಿದ್ದರೆ ಸಿಂಪಿಗ ಹಕ್ಕಿ ಎಲೆ ಹೊಲಿದು ಗೂಡು ಕಟ್ಟೀತು. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನಿತ್ಯ ಹೊಸ ನೀರಿರಲಿ. ಮೂಲೆಯ ತರಗೆಲೆಗಳನ್ನು ಗುಡಿಸದೆ ಬಿಟ್ಟರೆ ಹುಳುಗಳೂ ಉಳಿಯುತ್ತವೆ. ತೋಟದ ಅಚ್ಚುಕಟ್ಟಿನಲ್ಲಿ ಇಷ್ಟು ಬಿಟ್ಟುಕೊಡುವುದೇ ಹಕ್ಕಿಗಳ ಸಹವಾಸಕ್ಕೆ ನಾವು ತೆರಬೇಕಾದ ಬೆಲೆ.