ತಕ್ಕಡಿ ಯಾರ ಕೈಯಲ್ಲಿ?

ದೀಪಾವಳಿ ಮುಗಿಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರಸ್ತೆಗಳೆಲ್ಲ ಕಬ್ಬಿನ ಗಾಡಿಗಳ ಪಾಲಾಗುತ್ತವೆ. ಎರಡೆರಡು ಟ್ರೇಲರುಗಳಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಗೇಟಿನ ಮುಂದೆ ಸಾಲುಗಟ್ಟಿ, ಒಮ್ಮೊಮ್ಮೆ ರಾತ್ರಿಯಿಡೀ ಸರದಿಗಾಗಿ ಕಾಯುತ್ತವೆ. ಸರದಿ ಬಂದಾಗ ಗಾಡಿ ಕಾಟಾದ ಮೇಲೆ ಹತ್ತುತ್ತದೆ. ಕೆಂಪು ಅಂಕೆಗಳು ಒಂದು ಕ್ಷಣ ಓಲಾಡಿ ನಿಲ್ಲುತ್ತವೆ. ಚೀಟಿಯೊಂದು ಹೊರಬರುತ್ತದೆ. ವರ್ಷಕ್ಕೂ ಮಿಕ್ಕಿ ನೀರು ಹಾಯಿಸಿ, ಗೊಬ್ಬರ ಹಾಕಿ ಬೆಳೆದ ಬೆಳೆಯ ಹಣೆಬರಹ ಆ ಚೀಟಿಯಲ್ಲಿರುತ್ತದೆ. ಆದರೆ ಬೆಳೆದವನು ಆ ಹೊತ್ತಿಗೆ ಅಲ್ಲಿರುವುದು ಅಪರೂಪ. ಅವನು ಹೊಲದಲ್ಲಿ ಕಟಾವು ಗ್ಯಾಂಗಿನ ಹಿಂದೆ ನಿಂತಿರುತ್ತಾನೆ. ಕಾಟಾದ ಮೇಲೆ ಅವನ ಪರವಾಗಿ ಇರುವವನು ಗಾಡಿಯ ಚಾಲಕ ಮಾತ್ರ.

ವ್ಯಾಪಾರದ ನೀತಿ, ಪಾರದರ್ಶಕತೆ ಎಂಬ ಮಾತುಗಳನ್ನು ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಓದುತ್ತೇವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿನಲ್ಲಿ ಅದೇ ಪ್ರಶ್ನೆ ತೀರ ಸರಳವಾದ ರೂಪದಲ್ಲಿ ಎದುರಾಗುತ್ತದೆ: ತಕ್ಕಡಿ ಯಾರ ಕೈಯಲ್ಲಿದೆ, ಅದರ ಮುಳ್ಳು ಯಾರ ಕಣ್ಣಿಗೆ ಕಾಣುತ್ತದೆ?

ನಿಪ್ಪಾಣಿಯ ಪಾಠ

ಈ ಪ್ರಶ್ನೆಯನ್ನು ಇಲ್ಲಿ ಮೊದಲು ದೊಡ್ಡದಾಗಿ ಕೇಳಿದ್ದು ಕಬ್ಬಿನವರಲ್ಲ, ತಂಬಾಕಿನವರು. ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಪೇಟೆ. 1943ರಲ್ಲಿ ಬ್ರಿಟಿಷ್ ಸರ್ಕಾರ ತಂಬಾಕಿನ ಮೇಲೆ ಅಬಕಾರಿ ಸುಂಕ ಹಾಕಿದಾಗಿನಿಂದ ಬೆಳೆಗಾರನ ಮನೆಯ ಎಲೆಗೆಲ್ಲ ಸರ್ಕಾರಿ ಲೆಕ್ಕವಿತ್ತು. ಎಷ್ಟು ಬೆಳೆದ, ಎಷ್ಟು ತೂಗಿತು ಎಂಬುದು ಸುಂಕದ ಅಧಿಕಾರಿಯ ಪುಸ್ತಕ ಸೇರುತ್ತಿತ್ತು. ಆ ಸುಂಕ 1979ರಲ್ಲಿ ರದ್ದಾಯಿತು. ವಿಚಿತ್ರವೆಂದರೆ, ಸರ್ಕಾರದ ತೆರಿಗೆಗಾಗಿ ಇಷ್ಟು ಕಟ್ಟುನಿಟ್ಟಾದ ಅಳತೆ ಇದ್ದ ಸರಕಿಗೆ, ರೈತನ ಬೆಲೆಯ ಮಟ್ಟಿಗೆ ಯಾವ ಅಳತೆಯೂ ಇರಲಿಲ್ಲ. ಎಲೆಯ ದರ್ಜೆಯನ್ನು ಕೊಳ್ಳುವ ವ್ಯಾಪಾರಿಯೇ ಹೇಳುತ್ತಿದ್ದ, ದರವನ್ನೂ ಅವನೇ ಹೇಳುತ್ತಿದ್ದ. ಹಣ ಕೈಸೇರುವುದು ಅವನ ಅನುಕೂಲಕ್ಕೆ ಬಿಟ್ಟ ವಿಷಯವಾಗಿತ್ತು.

1981ರ ಮಾರ್ಚ್‌ನಲ್ಲಿ ಶೇತಕರಿ ಸಂಘಟನೆಯ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಮೂರು ವಾರಕ್ಕೂ ಹೆಚ್ಚು ಕಾಲ ಅವರು ಏಳಲಿಲ್ಲ. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಮಂದಿ ಬಲಿಯಾದರು. ನಿಪ್ಪಾಣಿಯ ಹೆಸರು ದೇಶದ ರೈತ ಚಳವಳಿಯ ಚರಿತ್ರೆಯನ್ನು ಸೇರಿದ್ದು ಹೀಗೆ.

ಕೆಲವೇ ವರ್ಷಗಳ ನಂತರ ಇದೇ ರಾಜ್ಯದ ಇನ್ನೊಂದು ತುದಿಯಲ್ಲಿ ತಂಬಾಕಿನ ವ್ಯಾಪಾರದ ರೀತಿ ಬದಲಾಯಿತು. 1984ರಿಂದ ಹುಣಸೂರು, ಪಿರಿಯಾಪಟ್ಟಣ ಭಾಗದ ವರ್ಜೀನಿಯಾ ತಂಬಾಕನ್ನು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಎಲ್ಲರೆದುರು ತೂಗಿ, ದರ್ಜೆ ಬರೆದು, ಕೂಗಿ ಮಾರುವ ಪದ್ಧತಿ ಬಂತು. ನಿಪ್ಪಾಣಿಯ ಬೀಡಿ ತಂಬಾಕು ಆ ವ್ಯವಸ್ಥೆಯ ಹೊರಗೇ ಉಳಿಯಿತು.

ಅದೇ ಎಲೆಯನ್ನು ಸುತ್ತುವ ಹೆಂಗಸರ ಪಾಡೂ ಬೇರೆಯಲ್ಲ. ಸಾವಿರ ಬೀಡಿಗೆ ಇಷ್ಟು ಕೂಲಿ ಎಂಬ ಲೆಕ್ಕ ಇದ್ದರೂ, ಎಷ್ಟು ಬೀಡಿ ‘ಸರಿ’, ಎಷ್ಟು ‘ಛಾಟ್’ ಎಂದು ಆರಿಸಿ ತೆಗೆಯುವ ಕೈ ಮಾಲೀಕನದೋ ಗುತ್ತಿಗೆದಾರನದೋ ಆಗಿರುತ್ತದೆ. ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಈ ತಿರಸ್ಕಾರದ ತಕರಾರುಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು ಎಂದ ಮೇಲೆ ಅದು ಎಷ್ಟು ವ್ಯಾಪಕವಾಗಿತ್ತೆಂದು ಊಹಿಸಬಹುದು.

ತೂಕದ ಗುಟ್ಟು

ಈಗ ಈ ಐದು ತಾಲ್ಲೂಕುಗಳ ಜೀವ ಕಬ್ಬಿನಲ್ಲಿದೆ. ಇಂದು ಕಾಗವಾಡ ತಾಲ್ಲೂಕಿಗೆ ಸೇರಿದ ಉಗಾರ ಖುರ್ದದಲ್ಲಿ 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಆರಂಭವಾಯಿತು. ಮುಂದೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮುಂತಾದ ಸಹಕಾರಿ ಕಾರ್ಖಾನೆಗಳು ಬಂದವು. ಹಿಂದೆಯೇ ಖಾಸಗಿ ಕಾರ್ಖಾನೆಗಳೂ ಎದ್ದವು.

ಕಬ್ಬನ್ನು ತೂಗುವ ಕ್ರಮ ಮೇಲ್ನೋಟಕ್ಕೆ ಸುಲಭ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಕಬ್ಬು. ಇಂದಿನ ಕಾಟಾದಲ್ಲಿ ಹಳೆಯ ಸರಳು, ಬಟ್ಟುಗಳಿಲ್ಲ. ಗಾಡಿ ನಿಲ್ಲುವ ಹಾಸಿನ ಕೆಳಗೆ ‘ಲೋಡ್ ಸೆಲ್’ ಎಂಬ ಉಕ್ಕಿನ ತುಂಡುಗಳಿರುತ್ತವೆ. ಭಾರ ಬಿದ್ದಾಗ ಅವು ಕೂದಲೆಳೆಯಷ್ಟು ಬಾಗುತ್ತವೆ. ಆ ಬಾಗುವಿಕೆಯನ್ನು ವಿದ್ಯುತ್ತಿನ ಸಂಕೇತವಾಗಿಸಿ ಯಂತ್ರ ಅಂಕೆಯಾಗಿ ತೋರಿಸುತ್ತದೆ. ಎಷ್ಟು ಬಾಗಿದರೆ ಎಷ್ಟು ಕಿಲೋ ಎಂಬುದನ್ನು ಮೊದಲೇ ಹೊಂದಿಸಿಟ್ಟಿರುತ್ತಾರೆ. ಕಣ್ಣಿಗೆ ಕಾಣುವ ಮುಳ್ಳು ಇಲ್ಲವಾದ ಮೇಲೆ ನೋಡುವವನು ನಂಬಬೇಕಾದದ್ದು ಆ ಹೊಂದಿಕೆಯನ್ನು. ಅದಕ್ಕಾಗಿಯೇ 2009ರ ಕಾನೂನು ಮಾಪನ ಕಾಯ್ದೆಯ ಪ್ರಕಾರ ಇಲಾಖೆಯವರು ಕಾಲಕಾಲಕ್ಕೆ ಬಂದು ಪರೀಕ್ಷಿಸಿ ಮುದ್ರೆ ಒತ್ತಬೇಕು.

ಸಂಶಯ ಬಂದರೆ ಬೇರೆ ಕಡೆ ತೂಗಿಸಬಾರದೇ ಎಂದು ಕೇಳಬಹುದು. ಕಡಿದ ಕಬ್ಬು ಹೊತ್ತು ಹೋದಂತೆ ಒಣಗುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ದಾರಿ ತಪ್ಪಿಸಿ ಕಾಟಾ ಹುಡುಕಿಕೊಂಡು ಹೋಗಲು ಗಾಡಿಯವನಿಗೆ ಪುರಸತ್ತಿಲ್ಲ. ಇದರ ಮೇಲೆ ರವದಿಯ ನೆಪದ ಕಡಿತ ಬೇರೆ. ಗಡಿಯಾಚೆಯ ಶಿರೋಳ ಭಾಗದ ಕಾರ್ಖಾನೆಗಳಿಗೂ ಕಬ್ಬು ಹೋಗುವುದರಿಂದ ಇಲ್ಲಿಯ ಕೆಲವು ಊರುಗಳ ರೈತರಿಗೆ ಹೋಲಿಸಿ ನೋಡುವ ಅವಕಾಶವಾದರೂ ಇದೆ. ಜಯಸಿಂಗಪುರದ ಕಬ್ಬು ಪರಿಷತ್ತಿನಲ್ಲಿ ಪ್ರತಿವರ್ಷ ಕೇಳಿಬರುವ ದರಕ್ಕೆ ಕಾಗವಾಡ, ಚಿಕ್ಕೋಡಿಯ ರೈತರು ಕಿವಿಗೊಡುವುದೂ ಇದಕ್ಕೇ.

ಇಳುವರಿಯ ಲೆಕ್ಕ

ತೂಕವನ್ನಾದರೂ ಕಣ್ಣಿಂದ ನೋಡಬಹುದು. ಇಳುವರಿ ಹಾಗಲ್ಲ. ಇಲ್ಲಿ ಇಳುವರಿ ಎಂದರೆ ಎಕರೆಗೆ ಎಷ್ಟು ಟನ್ ಎಂಬುದಲ್ಲ. ನೂರು ಕಿಲೋ ಕಬ್ಬು ನುರಿಸಿದರೆ ಎಷ್ಟು ಕಿಲೋ ಸಕ್ಕರೆ ಬಂತು ಎಂಬುದು. ಕೇಂದ್ರ ಸರ್ಕಾರ ನಿಗದಿ ಮಾಡುವ ನ್ಯಾಯ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, 2009–10ರಿಂದ ಜಾರಿಯಲ್ಲಿದ್ದು ಈ ಇಳುವರಿಗೇ ಗಂಟುಬಿದ್ದಿದೆ. 2025–26ರ ಹಂಗಾಮಿಗೆ ಶೇಕಡಾ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಎಂದು ಗೊತ್ತುಮಾಡಲಾಯಿತು. ಅದಕ್ಕಿಂತ ಶೇಕಡಾ 0.1 ಹೆಚ್ಚಿದಾಗಲೆಲ್ಲ 3.46 ರೂಪಾಯಿ ಸೇರಿಸಬೇಕು.

ಪಾಯಿಂಟು ಒಂದು ಎಂದರೆ ಅತ್ಯಲ್ಪ ಎನಿಸುತ್ತದೆ. ಟನ್ನಿಗೆ ಅದು 34 ರೂಪಾಯಿ 60 ಪೈಸೆ. ನೂರು ಟನ್ ಕಬ್ಬು ಕಳಿಸಿದ ರೈತನಿಗೆ 3,460 ರೂಪಾಯಿ. ಹಂಗಾಮಿನಲ್ಲಿ ಹತ್ತು ಲಕ್ಷ ಟನ್ ನುರಿಸುವ ಕಾರ್ಖಾನೆಯಲ್ಲಿ ಅದೇ ಪಾಯಿಂಟು 3 ಕೋಟಿ 46 ಲಕ್ಷ ರೂಪಾಯಿಯಾಗುತ್ತದೆ.

ಈ ಅಂಕೆಯನ್ನು ಹೇಳುವವರು ಯಾರು? ಕಾರ್ಖಾನೆಯವರೇ. ಅದೂ ಒಬ್ಬೊಬ್ಬ ರೈತನ ಕಬ್ಬಿಗೆ ಬೇರೆ ಬೇರೆಯಾಗಿ ಅಲ್ಲ. ಇಡೀ ಕಾರ್ಖಾನೆಯ ಸರಾಸರಿ. ಒಳ್ಳೆಯ ತಳಿ ಹಾಕಿ, ಮಾಗಿದ ಮೇಲೆ ಕಡಿಸಿದವನಿಗೂ, ಎಳೆಯ ಕಬ್ಬು ಕಳಿಸಿದವನಿಗೂ ಒಂದೇ ದರ. ಕಟಾವಿನ ಸರದಿ ತಡವಾಗಿ, ಗೇಟಿನ ಮುಂದೆ ಗಾಡಿ ನಿಂತು ಕಬ್ಬು ಒಣಗಿದರೂ, ಹಳೆಯ ಯಂತ್ರದಲ್ಲಿ ರಸ ಸರಿಯಾಗಿ ಹಿಂಡದೆ ಸಕ್ಕರೆ ಸಿಪ್ಪೆಯಲ್ಲೇ ಉಳಿದರೂ ಇಳುವರಿ ಇಳಿಯುತ್ತದೆ. ಅಂದರೆ ಕಾರ್ಖಾನೆಯ ಅದಕ್ಷತೆಯ ನಷ್ಟವೂ ರೈತನ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಈಚೆಗೆ ಸಕ್ಕರೆ ಅಂಶ ಹೆಚ್ಚಿರುವ ಕಾಕಂಬಿಯನ್ನೂ ಕಬ್ಬಿನ ರಸವನ್ನೂ ಎಥೆನಾಲಿಗೆ ತಿರುಗಿಸುವುದು ಹೆಚ್ಚಿದೆ. ಆ ಪಾಲನ್ನು ಕೂಡಿಸಿಯೇ ಇಳುವರಿ ಹೇಳಬೇಕಾಗುತ್ತದೆ. ಲೆಕ್ಕ ಇನ್ನಷ್ಟು ತೊಡಕಾಗಿದೆ, ಸಂಶಯವೂ ಬೆಳೆದಿದೆ.

ಒಂದು ದರ, ಎರಡು ಅರ್ಥ

2025ರ ಅಕ್ಟೋಬರ್ ಕೊನೆಯಲ್ಲಿ ರಾಯಬಾಗಕ್ಕೆ ಹೊಂದಿಕೊಂಡ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದಾಗ ಹೊರಗಿನವರಿಗೆ ಗೊಂದಲವಾಯಿತು. ಕೇಂದ್ರದ ದರವೇ 3,550 ಇರುವಾಗ ಇವರು ಕಡಿಮೆ ಕೇಳುವುದೇಕೆ? ಉತ್ತರವಿಷ್ಟೆ: ಕೇಂದ್ರದ ದರ ಕಾರ್ಖಾನೆಯ ಗೇಟಿನಲ್ಲಿ ಮುಟ್ಟಿಸಿದ ಕಬ್ಬಿಗೆ. ಕಟಾವು ಮತ್ತು ಸಾಗಾಣಿಕೆಯ ಖರ್ಚನ್ನು ಅದರಲ್ಲೇ ಮುರಿದುಕೊಳ್ಳಲಾಗುತ್ತದೆ. ಬಹುಪಾಲು ಇದೂ ಸರಾಸರಿಯೇ. ಹೊಲ ಗೇಟಿನ ಪಕ್ಕದಲ್ಲಿದ್ದವನೂ ದೂರದವನೂ ಒಂದೇ ಕಡಿತ ಹೊರುತ್ತಾರೆ. ರೈತರು ಕೇಳಿದ್ದು ಈ ಕಡಿತವೆಲ್ಲ ಕಳೆದು ಕೈಗೆ ಬರುವ ಹಣ. ಕಡೆಗೆ ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ನಡೆಸಿದ ಸಭೆಯಲ್ಲಿ 3,300 ರೂಪಾಯಿಯ ಸೂತ್ರ ಹೊರಬಂತು. ಅದೂ ಇಳುವರಿಗೆ ತಳಕು ಹಾಕಿದ ಸೂತ್ರವೇ.

ಕಾನೂನುಗಳಿಲ್ಲವೆಂದಲ್ಲ. ಕಬ್ಬು ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಸಕ್ಕರೆ ಮತ್ತು ಅದರ ಮೊದಲ ಹಂತದ ಉಪಉತ್ಪನ್ನಗಳ ಆದಾಯದಲ್ಲಿ ಶೇಕಡಾ 70 ಬೆಳೆಗಾರನಿಗೆ ಸಲ್ಲಬೇಕೆಂದು ರಂಗರಾಜನ್ ಸಮಿತಿ 2012ರಲ್ಲಿ ಹೇಳಿತು. 2013ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿ ಕಬ್ಬು ನಿಯಂತ್ರಣ ಮಂಡಳಿ ರಚಿಸಿತು. ಅದೇ ವರ್ಷದ ನವೆಂಬರಿನಲ್ಲಿ, ಬೆಳಗಾವಿಯ ಅಧಿವೇಶನದ ಹೊತ್ತಿಗೆ, ಕಬ್ಬಿನ ಬೆಲೆಗಾಗಿ ಹೋರಾಡಲು ಬಂದಿದ್ದ ರಾಯಬಾಗ ತಾಲ್ಲೂಕಿನ ರೈತರೊಬ್ಬರು ಸುವರ್ಣ ವಿಧಾನಸೌಧದ ಬಳಿ ಪ್ರಾಣ ಕಳೆದುಕೊಂಡರು. ಕಾಯ್ದೆಯ ಹಾಳೆಗೂ ರೈತನ ಕೈಗೂ ನಡುವಿನ ದೂರವನ್ನು ಆ ಸಾವು ನೆನಪಿಸುತ್ತಲೇ ಇದೆ.

ಅಳತೆ ಬಯಲಾದರೆ

ಇದು ಕಬ್ಬಿಗಷ್ಟೇ ಅಂಟಿದ ರೋಗವೇನಲ್ಲ. ದೂರವಾಣಿಯ ಉದಾಹರಣೆ ನೋಡಬಹುದು. ಊರೂರಿನ ಎಸ್‌ಟಿಡಿ ಬೂತುಗಳ ಕಾಲದಲ್ಲಿ ಮಾತಾಡುವವನ ಕಣ್ಣೆದುರೇ ಮೀಟರಿನ ಅಂಕೆ ಏರುತ್ತಿತ್ತು. ಮೊಬೈಲು ಬಂದ ಮೇಲೆ ಮೀಟರು ಕಂಪನಿಯ ಕೋಣೆ ಸೇರಿತು. ನಿಮಿಷದ ಲೆಕ್ಕದಲ್ಲಿ 61 ಸೆಕೆಂಡು ಮಾತಾಡಿದವನು ಎರಡು ನಿಮಿಷದ ಹಣ ತೆರುತ್ತಿದ್ದ. ಕೇಳದ ಹಾಡು, ಜ್ಯೋತಿಷ್ಯಗಳ ಸೇವೆಗೂ ಹಣ ಕಡಿತವಾಗುತ್ತಿತ್ತು. ಸೆಕೆಂಡಿನ ಲೆಕ್ಕದ ಒಂದು ಯೋಜನೆಯನ್ನಾದರೂ ಪ್ರತಿ ಕಂಪನಿ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2012ರಲ್ಲಿ ಹೇಳಿತು. ಗ್ರಾಹಕ ಎರಡು ಬಾರಿ ಒಪ್ಪದೆ ಇಂಥ ಸೇವೆ ಹಚ್ಚಕೂಡದೆಂದು 2013ರಲ್ಲಿ ಕಟ್ಟುಮಾಡಿತು. ಕಂಪನಿಯ ಒಳ್ಳೆಯತನಕ್ಕೆ ಕಾಯದೆ ಅಳತೆಯ ನಿಯಮವನ್ನೇ ಹೊರಗಿನವರು ಬದಲಿಸಿದರು.

ಕಬ್ಬಿನಲ್ಲೂ ಹೀಗೆ ಮಾಡಿದವರಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಪ್ರತಿ ಬೆಳೆಗಾರನ ಕಬ್ಬಿನ ಸಕ್ಕರೆ ಅಂಶವನ್ನು ಬೇರೆಯಾಗಿಯೇ ಪರೀಕ್ಷಿಸಿ ಹಣ ಕೊಡುತ್ತಾರೆ. ಬ್ರೆಜಿಲಿನ ಸಾವೊ ಪಾಲೊದಲ್ಲಿ 1999ರಲ್ಲಿ ಬೆಳೆಗಾರರೂ ಕಾರ್ಖಾನೆಗಳೂ ಸೇರಿ ‘ಕಾನ್ಸೆಕಾನಾ’ ಎಂಬ ಜಂಟಿ ಮಂಡಳಿ ಕಟ್ಟಿಕೊಂಡರು. ಕಬ್ಬಿನ ಮಾದರಿ ತೆಗೆಯುವ ಕ್ರಮ, ಬೆಲೆಯ ಸೂತ್ರ ಎಲ್ಲವೂ ಇಬ್ಬರೂ ಒಪ್ಪಿ ಬರೆದದ್ದು. ಅಲ್ಲಿ ತಕರಾರುಗಳೇ ಇಲ್ಲವೆಂದು ಹೇಳಲಾಗದು. ಆದರೆ ತಕರಾರು ಎದ್ದಾಗ ಇಬ್ಬರೂ ತೆರೆದು ನೋಡಬಲ್ಲ ಒಂದೇ ಪುಸ್ತಕವಿದೆ.

ಇಲ್ಲಿಯ ಸಹಕಾರಿ ಕಾರ್ಖಾನೆಗಳು ಹುಟ್ಟಿದ್ದೇ ಬೆಳೆದವನೇ ಒಡೆಯನಾಗಲಿ ಎಂಬ ಆಸೆಯಿಂದ. ಷೇರು ರೈತನ ಹೆಸರಿನಲ್ಲಿತ್ತು. ಕಾಟಾದ ಕೋಣೆ ಮತ್ತು ಪ್ರಯೋಗಶಾಲೆಯ ಬೀಗದಕೈ ಆಡಳಿತ ಮಂಡಳಿಯ ಬಳಿಯೇ ಉಳಿಯಿತು. ಕಾರ್ಖಾನೆ ನಡೆಸುವವರೂ ಚುನಾವಣೆ ಗೆಲ್ಲುವವರೂ ಅನೇಕ ಕಡೆ ಒಬ್ಬರೇ ಆಗಿರುವ ಈ ಸೀಮೆಯಲ್ಲಿ ಆ ಬೀಗದಕೈ ಕೇಳುವುದು ಸುಲಭದ ಮಾತಲ್ಲ.

ಹಾಗೆಂದು ಬೇಕಾದದ್ದು ದೊಡ್ಡದೇನೂ ಅಲ್ಲ. ಗೇಟಿನ ಹೊರಗೆ ಕಾರ್ಖಾನೆಗೆ ಸೇರದ ಒಂದು ಕಾಟಾ, ರೈತರ ಪ್ರತಿನಿಧಿ ಒಳಹೋಗಬಲ್ಲ ಪ್ರಯೋಗಶಾಲೆ, ದಿನದಿನದ ಇಳುವರಿಯನ್ನು ಬರೆದು ತೂಗುಹಾಕುವ ಒಂದು ಕಪ್ಪು ಹಲಗೆ. ನಿಪ್ಪಾಣಿಯ ಹೆದ್ದಾರಿಯಿಂದ ಗುರ್ಲಾಪುರ ಕ್ರಾಸಿನವರೆಗೆ ರೈತರು ಬೆಲೆ ಕೇಳಿದಾಗಲೆಲ್ಲ ಅದರ ಜೊತೆಗೆ ಕೇಳಿದ್ದು ಇದನ್ನೇ. ಬೆಲೆ ಹಂಗಾಮಿನಿಂದ ಹಂಗಾಮಿಗೆ ಏರುತ್ತದೆ, ಇಳಿಯುತ್ತದೆ. ಅಳತೆಯನ್ನು ಒಮ್ಮೆ ಬಯಲಿಗೆ ತಂದರೆ, ಮುಂದಿನ ಹಂಗಾಮಿನ ಚೀಟಿಯನ್ನು ರೈತ ಸಂಶಯವಿಲ್ಲದೆ ಓದಬಹುದು.