ಪೆಟ್ಟು ಮತ್ತು ಬಿಡುವು

ಮಳೆಕಾಡು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಎಂದೂ ಬದಲಾಗದ, ಅನಾದಿಯಾದ ಒಂದು ಹಸುರು ಚಿತ್ರ. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಾಡಂಚಿನಲ್ಲಿ ಬಾಳುವ ನಾವೂ ಬಹುಮಟ್ಟಿಗೆ ಹಾಗೆಯೇ ನಂಬಿಕೊಂಡಿದ್ದೇವೆ. ಆದರೆ ಸ್ವಲ್ಪ ನಿಂತು ನೋಡಿದರೆ, ಈ ಕಾಡು ವರ್ಷವರ್ಷವೂ ಪೆಟ್ಟು ತಿನ್ನುತ್ತ, ಚೇತರಿಸಿಕೊಳ್ಳುತ್ತ ಬಂದದ್ದೆಂಬುದು ತಿಳಿಯುತ್ತದೆ. ಆ ಪೆಟ್ಟು ಮತ್ತು ಚೇತರಿಕೆಗಳ ಲೆಕ್ಕವನ್ನು ನಾನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗೆ, ನಾಲ್ಕೇ ತಿಂಗಳಲ್ಲಿ. ನೆನೆದು ಸಡಿಲವಾದ ನೆಲದಲ್ಲಿ ಪುನರ್ವಸುವಿನ ಗಾಳಿ ಎದ್ದಿತೆಂದರೆ ಹೆಮ್ಮರವೊಂದು ಬುಡಸಮೇತ ಉರುಳುತ್ತದೆ; ಬಳ್ಳಿಗಳಿಂದ ಹೆಣೆದುಕೊಂಡ ನೆರೆಮರಗಳನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ಹಸುರು ಚಪ್ಪರದಲ್ಲಿ ಕಿಂಡಿ ಬೀಳುತ್ತದೆ, ಬಿಸಿಲು ನೆಲ ಮುಟ್ಟುತ್ತದೆ. ಮೊದಲು ಮೇಲೇಳುವುದು ಉಪ್ಪಳಿಗೆಯಂಥ ಅವಸರದ ಮರ: ಅಗಲವಾದ ಎಲೆ, ಮೆದುವಾದ ಕಾಂಡ, ಅಲ್ಪಾಯುಷ್ಯ. ನೆರಳಿನಲ್ಲಿ ವರ್ಷಗಟ್ಟಲೆ ಕಾದಿದ್ದ ಬಲಗಿ, ಹೈಗಗಳ ಸಸಿಗಳು ಅದರ ಹಿಂದೆಯೇ ನಿಧಾನವಾಗಿ ಏರಿ, ಕೊನೆಗೆ ಕಿಂಡಿಯನ್ನು ಮುಚ್ಚುತ್ತವೆ. ಹೀಗೆ ಕಾಡೆಂಬುದು ಬೇರೆಬೇರೆ ವಯಸ್ಸಿನ ತೇಪೆಗಳಿಂದ ಹೊಲಿದ ಕೌದಿ. ಬಿದಿರಿನದೂ ಇದೇ ಕಥೆ. ಹಲವು ದಶಕಗಳಿಗೊಮ್ಮೆ ಒಟ್ಟಿಗೇ ಹೂಬಿಟ್ಟು, ಬಿದಿರಕ್ಕಿ ಸುರಿಸಿ, ಮೆಳೆಗೆ ಮೆಳೆಯೇ ಒಣಗಿಹೋಗುತ್ತದೆ. ಮರುಮಳೆಗೆ ಅದೇ ಅಕ್ಕಿ ಮೊಳೆಯುತ್ತದೆ.

ಅಮೆರಿಕದ ಜೀವವಿಜ್ಞಾನಿ ಜೋಸೆಫ್ ಕಾನೆಲ್ 1978ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಮಳೆಕಾಡನ್ನೂ ಸಮುದ್ರದೊಳಗಿನ ಹವಳದ ದಿಬ್ಬವನ್ನೂ ಅವರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಬಿರುಗಾಳಿ ಮರವನ್ನು ಬೀಳಿಸುವಂತೆ ಚಂಡಮಾರುತದ ಅಲೆ ಹವಳದ ಕೊಂಬೆಗಳನ್ನು ಮುರಿಯುತ್ತದೆ. ಪೆಟ್ಟೇ ಬೀಳದಿದ್ದರೆ ಬಲಿಷ್ಠವಾದ ಕೆಲವೇ ಜಾತಿಗಳು ಇಡೀ ನೆಲವನ್ನು ಆಕ್ರಮಿಸುತ್ತವೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಅವಸರದವು ಮಾತ್ರ ಉಳಿಯುತ್ತವೆ. ಪೆಟ್ಟಿಗೂ ಪೆಟ್ಟಿಗೂ ನಡುವೆ ಹದವಾದ ಅಂತರವಿದ್ದಲ್ಲಿ ಎಲ್ಲಕ್ಕೂ ಎಡೆಯುಂಟು. ಇದು ಅವರ ವಾದದ ಸಾರ. ಈ ಸೂತ್ರ ಎಲ್ಲೆಡೆಯೂ ಹೊಂದುವುದಿಲ್ಲವೆಂದು ಅನಂತರದ ಅಧ್ಯಯನಗಳು ತೋರಿಸಿವೆ. ಆದರೂ ಅಂತರದ ಮಹತ್ವವನ್ನು ಕಡೆಗಣಿಸುವಂತಿಲ್ಲ.

ಅದಕ್ಕೆ ಸಾಕ್ಷಿ ನಮ್ಮ ಪಡುಗಡಲಿನ ಲಕ್ಷದ್ವೀಪದಲ್ಲಿಯೇ ಇದೆ. ಹವಳದ ಜೀವಿಗೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು ಅದರ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ. ಕಡಲು ಮಿತಿಮೀರಿ ಕಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಕಾವು ಬೇಗ ಇಳಿಯದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ ಎರಡು ದಶಕಗಳಿಗೂ ಮಿಕ್ಕಿ ನಡೆದ ಅಧ್ಯಯನದ ಪ್ರಕಾರ, ಜೀವಂತ ಹವಳದ ಹರಹು ಸುಮಾರು ಅರ್ಧಕ್ಕೆ ಇಳಿಯಿತು. ವಿಚಿತ್ರವೆಂದರೆ, ಪ್ರತಿ ಸಲವೂ ಸಾವಿನ ಪ್ರಮಾಣ ತಗ್ಗುತ್ತ ಬಂದಿತು, ತಾಳಿಕೊಳ್ಳುವ ಜಾತಿಗಳು ಉಳಿದವು. ಆದರೆ ಚೇತರಿಕೆಯ ವೇಗವೂ ತಗ್ಗಿತು. ಸುಮಾರು ಆರು ವರ್ಷಗಳ ಬಿಡುವು ದೊರೆತ ಮೇಲಷ್ಟೇ ಬೆಳವಣಿಗೆ ಹುರುಪುಗೊಂಡಿತಂತೆ. ತಾಳಿಕೊಳ್ಳುವುದು ಬೇರೆ, ಚೇತರಿಸಿಕೊಳ್ಳುವುದು ಬೇರೆ.

ಈ ಭೇದ ನಮ್ಮ ಮನೆಬಾಗಿಲಿನದೂ ಹೌದು. ಅಡಕೆ ತೋಟದ ಸೊಪ್ಪಿನ ಬೆಟ್ಟವನ್ನು ನೋಡಿ. ಒಂದು ಮಗ್ಗುಲ ಸೊಪ್ಪು ಕಡಿದು, ಅದನ್ನು ಕೆಲವು ವರ್ಷ ಬಿಟ್ಟು ಇನ್ನೊಂದು ಮಗ್ಗುಲಿಗೆ ಹೋದಲ್ಲಿ ಮರ ಮತ್ತೆ ಚಿಗುರುತ್ತದೆ. ವರ್ಷವೂ ಅದೇ ಮರವನ್ನು ಬೋಳಿಸಿದಲ್ಲಿ ಕಡೆಗೆ ಉಳಿಯುವುದು ಕರಡ ಮತ್ತು ಮುಳ್ಳು. ಇನ್ನು ಕೆಲವು ಪೆಟ್ಟುಗಳಿಗೆ ಬಿಡುವೆಂಬುದೇ ಇಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರಗಳ ಅದೆಷ್ಟೋ ಊರು, ಗದ್ದೆ, ಕಾಡುಗಳನ್ನು ಮುಳುಗಿಸಿತು; ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ತುಂಗೆಯ ನೆರೆ ಇಳಿಯುತ್ತದೆ. ಶರಾವತಿಯ ಹಿನ್ನೀರು, ಬೇಸಗೆಯಲ್ಲಿ ತುಸು ಸರಿದರೂ, ಆ ಕಾಡನ್ನು ಹಿಂದಕ್ಕೆ ಕೊಡುವುದಿಲ್ಲ.

ಕಾಡು ತಾನಾಗಿ ಬೆಳೆದುಕೊಳ್ಳುತ್ತದೆ, ಕಡಲು ತಾನಾಗಿ ಸರಿಹೋಗುತ್ತದೆ ಎಂಬ ಸಮಾಧಾನದ ಮಾತನ್ನು ನಾವು ಆಗಾಗ ಆಡುತ್ತೇವೆ. ಆ ಮಾತು ಸುಳ್ಳಲ್ಲ, ಅದಕ್ಕೊಂದು ಷರತ್ತಿದೆ. ಬಿಡುವು ಇರಬೇಕು. ಮಳೆ ಗಾಳಿಗಳು ಲಕ್ಷಾಂತರ ವರ್ಷ ಆ ಷರತ್ತನ್ನು ಬಹುಮಟ್ಟಿಗೆ ಪಾಲಿಸಿಕೊಂಡು ಬಂದಿವೆ. ಈಗ ಪಾಲಿಸಬೇಕಾದವರು ನಾವು.