ಅಜ್ಜ ನೌಕಾಪಡೆಯಲ್ಲಿದ್ದರೇ? ಹುಡುಕುವ ದಾರಿ

ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಗೆ ಸಮುದ್ರ ದೂರ. ಆದರೂ ಎರಡನೇ ಮಹಾಯುದ್ಧದಲ್ಲಿ ಅಜ್ಜ ರಾಯಲ್ ಇಂಡಿಯನ್ ನೇವಿಯಲ್ಲಿದ್ದರೆಂಬ ಮಾತು ಮನೆಯಲ್ಲಿದ್ದರೆ ಅದನ್ನು ದಾಖಲೆಗಳಲ್ಲಿ ಹುಡುಕಬಹುದು.

ಮೊದಲು ಹಳೆಯ ಟ್ರಂಕು ತೆರೆಯಬೇಕು. ಡಿಸ್ಚಾರ್ಜ್ ಪತ್ರ, ಪಿಂಚಣಿ ಪುಸ್ತಕ, ಪದಕ ಯಾವುದು ಸಿಕ್ಕರೂ ಅದರಲ್ಲಿ ಸೇವಾ ಸಂಖ್ಯೆ ಇದೆಯೇ ನೋಡಬೇಕು. ಒಂದೇ ಹೆಸರಿನ ಹಲವರ ನಡುವೆ ನಮ್ಮವರನ್ನು ಗುರುತಿಸಿಕೊಡುವುದು ಆ ಸಂಖ್ಯೆಯೇ.

ಊರಿನ ವಿಳಾಸದಲ್ಲೂ ಎಚ್ಚರ ಬೇಕು. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತಕ್ಕೆ ಸೇರಿತ್ತು. ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ನಿಪ್ಪಾಣಿ, ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾದದ್ದು ಇತ್ತೀಚೆಗೆ. ಆದ್ದರಿಂದ ಅಂದಿನ ಜಿಲ್ಲೆ, ಸಂಸ್ಥಾನದ ಹೆಸರುಗಳಲ್ಲೂ ಹುಡುಕಬೇಕು.

ಯುದ್ಧದಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಮುಂಬೈ–ಚಿತ್ತಗಾಂಗ್ ಸ್ಮಾರಕದ ಪಟ್ಟಿಯೊಂದರಲ್ಲೇ ನೌಕಾಪಡೆ ಮತ್ತು ವ್ಯಾಪಾರಿ ಹಡಗುಗಳ 6,000ಕ್ಕೂ ಹೆಚ್ಚು ನಾವಿಕರಿದ್ದಾರೆ.

ಬದುಕಿ ಮರಳಿದವರ ಬಗ್ಗೆ ತಿಳಿಯಲು ನೌಕಾಪಡೆಯ ನಾವಿಕರ ದಾಖಲೆ ಕಚೇರಿಗೆ ಪತ್ರ ಬರೆಯಬೇಕು. ಅದು ಮುಂಬೈಯ ಮಾನಖುರ್ದ್‌ನಲ್ಲಿದೆ. ಸೇವಾ ಸಂಖ್ಯೆ, ಹುಟ್ಟೂರು, ತಂದೆಯ ಹೆಸರು, ರಕ್ತಸಂಬಂಧದ ಪುರಾವೆ ಜೊತೆಗಿರಲಿ.

ಅಜ್ಜ ಭೂಸೇನೆಯಲ್ಲಿದ್ದರೆಂದು ಗೊತ್ತಾದರೆ ಮುಂಬೈಗೆ ಬರೆಯಬೇಕಿಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲೇ ಇದೆ; ಆ ದಳದವರ ವಿಚಾರಣೆಯನ್ನು ಅಲ್ಲಿಂದಲೇ ಆರಂಭಿಸಬಹುದು.